ತುಂಬು ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ: ಭಯವೆಷ್ಟು, ಭರವಸೆಯೆಷ್ಟು?

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ನಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಮುತ್ತ್ಯಾ, ತೊಂಬತ್ತರ ಹೊಸ್ತಿಲಲ್ಲಿರುವ ಆಯಿ ಇಂದು ಅಪರೂಪವಲ್ಲ. ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು 1890ರಲ್ಲಿ ಜನಿಸಿ 1999ರಲ್ಲಿ ಲಿಂಗೈಕ್ಯರಾದುದನ್ನು ಕಂಡ ನೆಲವಿದು. ನಸುಕಿನಲ್ಲಿ ಎದ್ದು, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿರುವ ಹಿರಿಯರು ಮನೆಗೆ ಕಳೆಯೂ ಹೌದು, ಕಾವಲೂ ಹೌದು.

ಅಂಥ ಹಿರಿಯರ ವಿಷಯದಲ್ಲಿ ವೈದ್ಯರು ‘ಆಪರೇಶನ್ ಮಾಡಬೇಕಾಗುತ್ತದೆ’ ಎಂದೊಡನೆ ಮನೆಯಲ್ಲಿ ಎರಡು ಬಗೆಯ ಮಾತುಗಳು ಏಳುತ್ತವೆ. “ಇಷ್ಟ ವಯಸ್ಸಾಗ್ಯಾದ, ಇನ್ಯಾಕ ಕೊಯ್ಸೂದು? ಇರೋತನ ಆರಾಮ ಇರಲಿ” ಎಂಬುದು ಒಂದು. “ಮಾಡಸ್ಲಿಲ್ಲಂದ್ರ ಮಂದಿ ಏನಂದಾರು?” ಎಂಬುದು ಇನ್ನೊಂದು. ಮೊದಲನೆಯದು ಕರುಣೆಯಿಂದ ಹುಟ್ಟಿದ ಮಾತು. ಎರಡನೆಯದು ಲೋಕಾಪವಾದದ ಅಂಜಿಕೆಯಿಂದ ಹುಟ್ಟಿದ್ದು. ಬೇನೆ ಯಾವುದು, ಹಿರಿಯರ ಶರೀರದಲ್ಲಿ ಉಳಿದಿರುವ ಶಕ್ತಿ ಎಷ್ಟು, ಅವರ ಸ್ವಂತ ಇಚ್ಛೆ ಏನು ಎಂಬ ಮೂರು ಪ್ರಶ್ನೆಗಳಿಗೆ ಮಾತ್ರ ಈ ಎರಡು ಮಾತುಗಳಲ್ಲಿಯೂ ಎಡೆಯಿಲ್ಲ.

ಅತಿ ವೃದ್ಧರಿಗೆ ಶಸ್ತ್ರಚಿಕಿತ್ಸೆ ಸುರಕ್ಷಿತವೇ? ಇದಕ್ಕೆ ಹೌದು ಅಥವಾ ಅಲ್ಲ ಎಂಬ ಒಂದೇ ಪದದ ಉತ್ತರ ವೈದ್ಯಶಾಸ್ತ್ರದಲ್ಲಿಲ್ಲ. ಆದರೆ ಕುಟುಂಬವೊಂದು ವಿಚಾರಪೂರ್ವಕವಾಗಿ ನಿರ್ಧರಿಸಲು ಬೇಕಾದಷ್ಟು ತಿಳಿವಳಿಕೆ ಇಂದು ಲಭ್ಯವಿದೆ. ಅದನ್ನು ವಾಚಕ ಬಂಧುಗಳ ಮುಂದಿಡುವುದೇ ನಮ್ಮ ಉದ್ದೇಶ.

ನೂರ ಹನ್ನೊಂದರ ವಯಸ್ಸಿನ ಒಂದು ನಿದರ್ಶನ

ತುಮಕೂರಿನ ಸಿದ್ಧಗಂಗಾ ಮಠದ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1907ರ ಏಪ್ರಿಲ್ 1ರಂದು ಜನಿಸಿದವರು. 2018ರ ಡಿಸೆಂಬರ್ ವೇಳೆಗೆ ಅವರಿಗೆ 111 ವರ್ಷ ತುಂಬಿತ್ತು. ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ನಾಳ ಅವರಿಗೆ ಕಟ್ಟಿಕೊಳ್ಳುತ್ತಿತ್ತು. ಪಿತ್ತರಸ ನಿಂತಲ್ಲಿ ಸೋಂಕು ಬೆಳೆಯುತ್ತದೆ. ನಡುಕ, ಜ್ವರ ಬರುತ್ತವೆ. ಬೆಂಗಳೂರಿನ ವೈದ್ಯರು ನಾಳವನ್ನು ತೆರೆದಿಡಲು ಸ್ಟೆಂಟ್ ಎಂಬ ಸಣ್ಣ ಕೊಳವೆಗಳನ್ನು ಮೊದಲೇ ಅಳವಡಿಸಿದ್ದರು. ಇಂಥ ಕೊಳವೆಗಳು ಕಾಲಕ್ರಮದಲ್ಲಿ ಮತ್ತೆ ಕಟ್ಟಿಕೊಳ್ಳುವುದುಂಟು. ಆ ಹಾದಿ ಸಾಲದೆ ಹೋದಾಗ 2018ರ ಡಿಸೆಂಬರ್ 7ರಂದು ಪೂಜ್ಯರನ್ನು ವಿಮಾನದಲ್ಲಿ ಚೆನ್ನೈಗೆ ಕರೆದೊಯ್ಯಲಾಯಿತು. ಮರುದಿನ ಅಲ್ಲಿನ ರೇಲಾ ಆಸ್ಪತ್ರೆಯಲ್ಲಿ ಡಾ. ಮೊಹಮದ್ ರೇಲಾ ಅವರ ತಂಡವು ಪಿತ್ತರಸ ಹರಿಯಲು ಬದಲಿ ದಾರಿ ಮಾಡಿಕೊಡುವ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿತು. ಡಿಸೆಂಬರ್ 19ರಂದು ಪೂಜ್ಯರು ಮಠಕ್ಕೆ ಮರಳಿದರು. ಅನಂತರ ಶ್ವಾಸಕೋಶದ ಸೋಂಕು ಬಾಧಿಸಿ, 2019ರ ಜನವರಿ 21ರಂದು ಲಿಂಗೈಕ್ಯರಾದರು.

ಈ ಘಟನೆಯನ್ನು ಇಬ್ಬರು ಎರಡು ರೀತಿಯಲ್ಲಿ ಹೇಳಬಹುದು. “ನೋಡಿ, ನೂರ ಹನ್ನೊಂದರಲ್ಲಿಯೂ ಶಸ್ತ್ರಚಿಕಿತ್ಸೆ ಸಾಧ್ಯವಾಯಿತು” ಎಂದು ಒಬ್ಬರು. “ಆರು ವಾರಗಳಲ್ಲಿ ಹೋಗಿಬಿಟ್ಟರಲ್ಲ” ಎಂದು ಇನ್ನೊಬ್ಬರು. ಎರಡೂ ಅರ್ಧ ಸತ್ಯಗಳು. ಜೀವಮಾನವಿಡೀ ಮಿತಾಹಾರ, ನಿತ್ಯನೇಮ, ಕಾಯಕಗಳಿಂದ ಉಳಿದುಬಂದಿದ್ದ ಶರೀರ ಅದು. ಬಿಟ್ಟರೆ ಸೋಂಕು ಮರುಕಳಿಸುವುದು ನಿಶ್ಚಿತವಾಗಿದ್ದ ಕಾಯಿಲೆ. ಮೊದಲು ಕಡಿಮೆ ತೊಂದರೆಯ ಸ್ಟೆಂಟ್, ಅದು ಸಾಲದಾದಾಗ ಶಸ್ತ್ರಚಿಕಿತ್ಸೆ ಎಂಬ ಕ್ರಮ. ಕೊನೆಯದಾಗಿ, ಶಸ್ತ್ರಚಿಕಿತ್ಸೆಯ ಮೇಜನ್ನು ದಾಟಿದ ಮೇಲೂ ಎದುರಾಗುವ ಶ್ವಾಸಕೋಶದ ಸೋಂಕೆಂಬ ಶತ್ರು. ಅತಿ ವೃದ್ಧರ ಶಸ್ತ್ರಚಿಕಿತ್ಸೆಯ ಸಮಗ್ರ ಪಾಠ ಈ ನಾಲ್ಕು ಅಂಶಗಳಲ್ಲಿ ಅಡಗಿದೆ.

ಎಣಿಕೆಯ ವಯಸ್ಸು ಬೇರೆ, ಶರೀರದ ವಯಸ್ಸು ಬೇರೆ

ಹಿಂದೆ ನಮ್ಮ ಮನೆಗಳಲ್ಲಿ ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ಕೂಡಿಡುತ್ತಿದ್ದರು. ಶರೀರವೂ ಹಾಗೆಯೇ. ಹೃದಯ, ಶ್ವಾಸಕೋಶ, ಮೂತ್ರಪಿಂಡ ಮುಂತಾದ ಅಂಗಗಳಿಗೆ ನಿತ್ಯದ ಅಗತ್ಯಕ್ಕಿಂತ ಹೆಚ್ಚಿನ ಶಕ್ತಿ ತಾರುಣ್ಯದಲ್ಲಿ ಇರುತ್ತದೆ. ವಯಸ್ಸಾದಂತೆ ಆ ಸಂಗ್ರಹ ಕರಗುತ್ತದೆ. ಶಸ್ತ್ರಚಿಕಿತ್ಸೆಯೆಂಬುದು ಶರೀರಕ್ಕೆ ಒಂದು ಬರಗಾಲ. ಹಗೇವಿನಲ್ಲಿ ಕಾಳು ಎಷ್ಟಿದೆ ಎಂಬುದೇ ಇಲ್ಲಿ ಮುಖ್ಯ. ಹಗೇವು ಎಷ್ಟು ಹಳೆಯದು ಎಂಬುದಲ್ಲ.

ಈ ಸಂಗ್ರಹ ಬರಿದಾದ ಸ್ಥಿತಿಯನ್ನು ವೈದ್ಯರು ಫ್ರೇಲ್ಟಿ ಎನ್ನುತ್ತಾರೆ. ಕನ್ನಡದಲ್ಲಿ ಕೃಶತೆ ಎನ್ನಬಹುದು. ಕೆನಡಾ ದೇಶದ ವೈದ್ಯ ಕೆನೆತ್ ರಾಕ್‌ವುಡ್ ಅವರ ತಂಡ 2005ರಲ್ಲಿ ಇದನ್ನು ಅಳೆಯುವ ಸರಳ ಶ್ರೇಣಿಯೊಂದನ್ನು ಪ್ರಕಟಿಸಿತು. ಇಂದು ಅದರಲ್ಲಿ 9 ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನಲ್ಲಿ ಗಟ್ಟಿಮುಟ್ಟಾದವರು, ಮೇಲಿನ ಮೆಟ್ಟಿಲುಗಳಲ್ಲಿ ಸ್ನಾನ, ಉಡಿಗೆ, ಊಟಗಳಿಗೂ ಪರರನ್ನು ಅವಲಂಬಿಸಿದವರು ಬರುತ್ತಾರೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಆಸ್ಪತ್ರೆಯ ಹಾಸಿಗೆಯಲ್ಲಿ ಹಿರಿಯರು ಹೇಗೆ ಕಾಣುತ್ತಾರೆ ಎಂಬುದರ ಮೇಲೆ ಅಳೆಯಬಾರದು. ಈ ಬೇನೆ ಬೀಳುವುದಕ್ಕೆ ಎರಡು ವಾರ ಮುಂಚೆ ಅವರು ಹೇಗಿದ್ದರು ಎಂಬುದರ ಮೇಲೆ ಅಳೆಯಬೇಕು. ಅದನ್ನು ವೈದ್ಯರಿಗೆ ಹೇಳಬಲ್ಲವರು ಮನೆಯವರು ಮಾತ್ರ. ಆದುದರಿಂದ ಹಿರಿಯರೊಂದಿಗೆ ಆಸ್ಪತ್ರೆಗೆ ಹೋಗುವವರು ಅವರ ನಿತ್ಯಜೀವನವನ್ನು ಬಲ್ಲವರಾಗಿರಬೇಕು. ದೂರದ ಊರಿನಲ್ಲಿ ನೌಕರಿಯಲ್ಲಿರುವ ಮಗನಿಗಿಂತ ದಿನವೂ ಊಟಕ್ಕಿಡುವ ಸೊಸೆಗೆ ಈ ವಿಷಯ ಚೆನ್ನಾಗಿ ತಿಳಿದಿರುತ್ತದೆ.

ಮನೆಯಲ್ಲಿಯೇ ನೋಡಬಹುದಾದ ಒಂದು ಪರೀಕ್ಷೆಯಿದೆ. ಹಿರಿಯರು ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲಿ. ಇದಕ್ಕೆ 12 ಸೆಕೆಂಡುಗಳಿಗಿಂತ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆಯೆಂದು ತಿಳಿಯಬೇಕು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ, ಮರೆವು ಹೆಚ್ಚುತ್ತಿದ್ದರೆ, ಒಂದು ವರ್ಷದೊಳಗೆ ಬಿದ್ದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಹೊಲಕ್ಕೆ ನಡೆದು ಹೋಗಿಬರುವ 88ರ ಹಿರಿಯರಿಗಿಂತ, ಮನೆಯೊಳಗೇ ಗೋಡೆ ಹಿಡಿದು ನಡೆಯುವ 70ರವರಿಗೆ ಶಸ್ತ್ರಚಿಕಿತ್ಸೆ ಹೆಚ್ಚು ಅಪಾಯಕರವಾಗಬಹುದು.

ಮುಂದೂಡಿದ ಚಿಕಿತ್ಸೆ, ಹೆಚ್ಚಿದ ಅಪಾಯ

ಹಿರಿಯರ ಪಾಲಿಗೆ ಅತ್ಯಂತ ಅಪಾಯಕರವಾದುದು ನಡುರಾತ್ರಿಯಲ್ಲಿ ಅನಿವಾರ್ಯವಾಗಿ ಮಾಡುವ ತುರ್ತು ಶಸ್ತ್ರಚಿಕಿತ್ಸೆ. ಅದೇ ಬೇನೆಗೆ ಮೊದಲೇ ದಿನ ಗೊತ್ತುಮಾಡಿ ಸಿದ್ಧತೆಯೊಂದಿಗೆ ಮಾಡಿಸಿದ್ದರೆ ಅಪಾಯ ಬಹಳ ಕಡಿಮೆ. ತುರ್ತಿನಲ್ಲಿ ರಕ್ತದೊತ್ತಡ, ಸಕ್ಕರೆ, ದೇಹದ ನೀರಿನಂಶ ಇವುಗಳನ್ನು ಸರಿಪಡಿಸಲು ಸಮಯವಿರುವುದಿಲ್ಲ. ಅಷ್ಟರಲ್ಲಿ ಸೋಂಕೂ ರಕ್ತಕ್ಕೆ ಹಬ್ಬಿರಬಹುದು. “ಮುಪ್ಪಿನಲ್ಲಿ ಬೇಡ” ಎಂದು ಮುಂದೂಡಿದ ಚಿಕಿತ್ಸೆ ಅನೇಕ ಸಲ ಇನ್ನೂ ಮುಪ್ಪಿನಲ್ಲಿ, ಇನ್ನೂ ಕೆಟ್ಟ ಹೊತ್ತಿನಲ್ಲಿ ಬಾಗಿಲು ತಟ್ಟುತ್ತದೆ.

ಹರ್ನಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ತೊಡೆಸಂದಿಯಲ್ಲಿ ಗಂಟು ಬಂದು, ಮಲಗಿದಾಗ ಒಳಹೋಗುತ್ತಿದ್ದರೆ ಹಲವರು ಹತ್ತಾರು ವರ್ಷ ಧೋತರದ ಮರೆಯಲ್ಲಿ ಅದನ್ನು ಬಚ್ಚಿಡುತ್ತಾರೆ. ಗಂಡಸರಲ್ಲಿ ನೋವಿಲ್ಲದ ಸಣ್ಣ ಹರ್ನಿಯಾವನ್ನು ವೈದ್ಯರ ನಿಗಾದಲ್ಲಿ ಕಾಯ್ದು ನೋಡಲು ಅಡ್ಡಿಯಿಲ್ಲ. ಆದರೆ ಆ ನಿರ್ಧಾರವನ್ನು ವೈದ್ಯರು ಕೈಮುಟ್ಟಿ ನೋಡಿದ ಮೇಲೆ ಮಾಡಬೇಕು, ನಾಚಿಕೆ ಮಾಡಬಾರದು. ಗಂಟು ಒಳಹೋಗದೆ ಗಟ್ಟಿಯಾಗಿ, ನೋವು ಮತ್ತು ವಾಂತಿ ಆರಂಭವಾದರೆ ಅದರೊಳಗೆ ಕರುಳು ಸಿಕ್ಕಿಕೊಂಡಿದೆಯೆಂದು ಅರ್ಥ. ಕೆಲವೇ ತಾಸುಗಳಲ್ಲಿ ಆ ಕರುಳಿಗೆ ರಕ್ತ ನಿಂತುಹೋಗಬಹುದು. ಅಂಥ ಹೊತ್ತಿನಲ್ಲಿ ಎಣ್ಣೆ ಹಚ್ಚಿ ತಿಕ್ಕುತ್ತ ಕೂಡುವುದು ಸಲ್ಲದು.

ಹೆಣ್ಣುಮಕ್ಕಳ ಮೌನ ಇನ್ನೂ ಗಾಢವಾದುದು. ಗರ್ಭಕೋಶ ಜಾರಿದ ತೊಂದರೆಯನ್ನು ಸೊಸೆಯಂದಿರ ಮುಂದೆಯೂ ಹೇಳದೆ ವರ್ಷಗಟ್ಟಲೆ ಅನುಭವಿಸುವ ಆಯಿಯರಿದ್ದಾರೆ. ಇದಕ್ಕೆ ಶಸ್ತ್ರಚಿಕಿತ್ಸೆಯಿದೆ, ಶಸ್ತ್ರಚಿಕಿತ್ಸೆಯನ್ನು ತಾಳಲಾರದವರಿಗೆ ಒಳಗೆ ಆಧಾರವಾಗಿ ಇಡುವ ರಬ್ಬರಿನಂಥ ಬಳೆಯೂ ಇದೆ. ಗಂಡಸರಲ್ಲಿ ಪ್ರೊಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರ ಕಟ್ಟುವ ತೊಂದರೆಗೂ ಮೊದಲು ಔಷಧಗಳಿವೆ, ಅನಂತರ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಮಾಡುವ ಶಸ್ತ್ರಚಿಕಿತ್ಸೆಯಿದೆ. ಬೇನೆಯನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ಈ ದಾರಿಗಳು ತೆರೆಯುತ್ತವೆ.

ಕಣ್ಣಿನ ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು, ಹಿರಿಯರಿಗೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಅತಿ ಕಡಿಮೆ ಅಪಾಯದ್ದು. ಕಣ್ಣಿಗೆ ಹನಿ ಹಾಕಿಯೋ, ಕಣ್ಣಿನ ಪಕ್ಕದಲ್ಲಿ ಸೂಜಿ ಕೊಟ್ಟೋ ಮಾಡುತ್ತಾರೆ. ಪೂರ್ಣ ಪ್ರಜ್ಞೆ ತಪ್ಪಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಬಹುತೇಕರು ಅಂದೇ ಮನೆಗೆ ಮರಳುತ್ತಾರೆ. 18,000ಕ್ಕೂ ಹೆಚ್ಚು ರೋಗಿಗಳ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವು, ಈ ಶಸ್ತ್ರಚಿಕಿತ್ಸೆಗೆ ಮುಂಚೆ ಎಲ್ಲರಿಗೂ ರೂಢಿಯಂತೆ ರಕ್ತಪರೀಕ್ಷೆ, ಇ.ಸಿ.ಜಿ. ಮಾಡಿಸುವುದರಿಂದ ಸುರಕ್ಷತೆ ಹೆಚ್ಚಲಿಲ್ಲವೆಂದು ತೋರಿಸಿತು. ಸಕ್ಕರೆ, ರಕ್ತದೊತ್ತಡಗಳನ್ನು ಹತೋಟಿಗೆ ತರಬೇಕೆಂಬುದು ನಿಜ. ಆದರೆ ಅವು ಇವೆಯೆಂಬ ಒಂದೇ ಕಾರಣಕ್ಕೆ ಆಯಿಯನ್ನು ಕತ್ತಲೆಯಲ್ಲಿ ಕೂಡಿಸುವುದು ನ್ಯಾಯವಲ್ಲ. ಕಣ್ಣು ಕಾಣದವರು ಎಡವುತ್ತಾರೆ; ಎಡವಿದವರು ಎಲುಬು ಮುರಿದುಕೊಳ್ಳುತ್ತಾರೆ.

ಸೊಂಟದ ಎಲುಬು ಮುರಿದಾಗ

ನಮ್ಮ ಮನೆಗಳಲ್ಲಿ ಶಹಾಬಾದಿನ ನುಣುಪಾದ ಫರಸಿ ಹಾಸಿರುತ್ತದೆ. ಬಚ್ಚಲಿನ ಬಳಿ ಅದು ತೇವವಾದರೆ ಹಿರಿಯರ ಕಾಲು ಜಾರುತ್ತದೆ. ಮೂಳೆ ಸವೆದ ವಯಸ್ಸಿನಲ್ಲಿ ತೊಡೆಯೆಲುಬಿನ ಮೇಲ್ತುದಿ ಮುರಿಯಲು ಅಷ್ಟೇ ಸಾಕು. ಬಿದ್ದ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಎಲುಬು ಮುರಿದಿದೆಯೆಂದೇ ಭಾವಿಸಬೇಕು. ಎಳೆಯಬಾರದು, ತಿಕ್ಕಬಾರದು, ಎಬ್ಬಿಸಿ ನಡೆಸಬಾರದು. ಕಾಲು ಅಲುಗದಂತೆ ದಿಂಬುಗಳ ಆಸರೆ ಕೊಟ್ಟು 108ಕ್ಕೆ ಕರೆಮಾಡಬೇಕು.

ವಯಸ್ಸಿನ ಭಯ ಅತಿ ಹೆಚ್ಚು ಹಾನಿ ಮಾಡುವುದು ಈ ಸಂದರ್ಭದಲ್ಲಿ. “ತೊಂಬತ್ತರಾಗ ಎಲುಬಿನ ಆಪರೇಶನ್ ಹ್ಯಾಂಗ ತಡಕೋತಾರ?” ಎಂದು ಹಾಸಿಗೆಯಲ್ಲಿ ಮಲಗಿಸಿದರೆ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಬೆನ್ನಿಗೆ ಹಾಸಿಗೆ ಹುಣ್ಣುಗಳಾಗುತ್ತವೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಸ್ನಾಯುಗಳು ಕರಗುತ್ತವೆ. ಆದುದರಿಂದಲೇ ಲೋಕದೆಲ್ಲೆಡೆಯ ಎಲುಬು ತಜ್ಞರು ಈ ಶಸ್ತ್ರಚಿಕಿತ್ಸೆಯನ್ನು ಸಾಧ್ಯವಾದಷ್ಟು 24ರಿಂದ 48 ತಾಸುಗಳೊಳಗೆ ಮಾಡಬೇಕೆನ್ನುತ್ತಾರೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 3,000 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗನಿರ್ಣಯವಾದ 6 ತಾಸುಗಳ ಆಸುಪಾಸಿನಲ್ಲಿ ಮಾಡಿದವರಿಗೂ ಸುಮಾರು ಒಂದು ದಿನದಲ್ಲಿ ಮಾಡಿದವರಿಗೂ ಮರಣದ ಪ್ರಮಾಣದಲ್ಲಿ ಅಂತರ ಕಾಣಲಿಲ್ಲ. ಆದರೆ ಬೇಗ ಮಾಡಿದವರಲ್ಲಿ ಬುದ್ಧಿಭ್ರಮೆ ಕಡಿಮೆಯಾಯಿತು, ಅವರು ಬೇಗ ಎದ್ದು ನಿಂತರು. ಅಂದರೆ ಒಂದು ದಿನದೊಳಗೆ ಅವಸರದಿಂದ ಕಂಗೆಡಬೇಕಿಲ್ಲ. ವಾರಗಟ್ಟಲೆ ಕಾಯುವುದಂತೂ ಸಲ್ಲದು.

ಇಲ್ಲಿ ಸತ್ಯವನ್ನು ಮುಚ್ಚಿಡುವುದು ತಪ್ಪಾದೀತು. ಸೊಂಟದ ಎಲುಬು ಮುರಿದ ವೃದ್ಧರಲ್ಲಿ ಒಳ್ಳೆಯ ಚಿಕಿತ್ಸೆ ದೊರೆತರೂ ಸುಮಾರು ನಾಲ್ವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಅನೇಕ ದೇಶಗಳ ಅನುಭವ ಹೇಳುತ್ತದೆ. ಅದಕ್ಕೆ ಕಾರಣ ಶಸ್ತ್ರಚಿಕಿತ್ಸೆಯೊಂದೇ ಅಲ್ಲ. ಬೀಳುವ ಮೊದಲೇ ಶರೀರ ಸೋತಿರುತ್ತದೆ. ನಡೆಯುವ ಆಸೆ ಇಲ್ಲದವರಿಗೂ ಎಲುಬು ಕೂಡಿಸುವುದರಿಂದ ನೋವು ತಗ್ಗಿ, ಎದ್ದು ಕೂಡಲು, ಮಗ್ಗುಲು ಬದಲಿಸಲು ಆಗುತ್ತದೆ. ಅದೂ ಒಂದು ದೊಡ್ಡ ಉಪಕಾರ.

ಅರಿವಳಿಕೆಯ ಭಯ

“ಆಪರೇಶನ್‌ಗೆ ಅಂಜಿಕಿಲ್ಲ, ಮೈಮರೆಸೋ ಸೂಜಿಗೆ ಅಂಜಿಕಿ” ಎನ್ನುವವರು ಬಹಳ. ಸೊಂಟಕ್ಕೆ ಸೂಜಿ ಕೊಟ್ಟು ಕೆಳಭಾಗ ಮರಗಟ್ಟಿಸುವುದೊಂದು ವಿಧಾನ, ಪೂರ್ಣ ಪ್ರಜ್ಞೆ ತಪ್ಪಿಸುವುದು ಇನ್ನೊಂದು. ಮೊದಲನೆಯದೇ ಮುದುಕರಿಗೆ ಕ್ಷೇಮವೆಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಇತ್ತು. ಸೊಂಟದ ಎಲುಬು ಮುರಿದ 1,600 ರೋಗಿಗಳನ್ನು ಎರಡು ಗುಂಪುಮಾಡಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 60 ದಿನಗಳ ಬಳಿಕ ಬದುಕುಳಿದು ನಡೆಯುವವರ ಪ್ರಮಾಣ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದುದರಿಂದ ಯಾವ ವಿಧಾನವೆಂಬುದನ್ನು ಅರಿವಳಿಕೆ ತಜ್ಞರ ವಿವೇಚನೆಗೆ ಬಿಡುವುದು ಲೇಸು. ಅವರಿಗೆ ಮುಂಚಿತವಾಗಿ ಪೂರ್ಣ ಮಾಹಿತಿ ಕೊಡುವುದು ನಮ್ಮ ಹೊಣೆ.

ಶಸ್ತ್ರಚಿಕಿತ್ಸಾ ಕೊಠಡಿಯ ಶಿಸ್ತೂ ಮುಖ್ಯವಾದುದು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಒಂದು ತಪಾಸಣಾ ಪಟ್ಟಿಯನ್ನು ಹೊರತಂದಿತು. ರೋಗಿ ಯಾರು, ಯಾವ ಬದಿಯ ಅಂಗ, ಯಾವ ಔಷಧ ಒಗ್ಗದು ಎಂಬಂಥ ಸಾಮಾನ್ಯ ಸಂಗತಿಗಳನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವುದಷ್ಟೇ ಅದರ ತಿರುಳು. ನವದೆಹಲಿಯೂ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಮರಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. “ಈ ಪಟ್ಟಿ ಇಲ್ಲಿ ಬಳಕೆಯಲ್ಲಿದೆಯೇ?” ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಮುಂಚಿನ ಸಿದ್ಧತೆ

ದಿನ ಗೊತ್ತಾದ ಶಸ್ತ್ರಚಿಕಿತ್ಸೆಗೆ ಮನೆಯವರು ಮಾಡಬಹುದಾದ ಸಿದ್ಧತೆ ಬಹಳ. ಹಿರಿಯರು ಸೇವಿಸುತ್ತಿರುವ ಎಲ್ಲ ಗುಳಿಗೆಗಳನ್ನು, ನಾಟಿ ಔಷಧಗಳನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನು ಮೊದಲೇ ನಿಲ್ಲಿಸಬೇಕಾಗಬಹುದು. ಇನ್ನು ಕೆಲವನ್ನು ನಿಲ್ಲಿಸಿದರೆ ಅಪಾಯ. ವೈದ್ಯರನ್ನು ಕೇಳದೆ ಯಾವುದನ್ನೂ ಬಿಡಬೇಡಿ, ಯಾವುದನ್ನೂ ಕೊಡಬೇಡಿ. ಬೀಡಿ, ತಂಬಾಕು ಇದ್ದರೆ ನಾಲ್ಕು ವಾರ ಮುಂಚೆಯಾದರೂ ನಿಲ್ಲಬೇಕು. ದೀರ್ಘವಾಗಿ ಉಸಿರೆಳೆದು ಬಿಡುವ ಅಭ್ಯಾಸ, ದಿನವೂ ಸ್ವಲ್ಪ ನಡಿಗೆ, ಬಾಯಿಯ ಸ್ವಚ್ಛತೆ ಇವು ಮುಂದೆ ಶ್ವಾಸಕೋಶವನ್ನು ಕಾಪಾಡುತ್ತವೆ. ಬೇಳೆಯ ಕಟ್ಟು, ಹಾಲು, ಮೊಸರು, ಶೇಂಗಾ, ಮೊಳಕೆ ಕಾಳುಗಳಿಂದ ಸಸ್ಯಾಹಾರಿಗಳಿಗೂ ಸಾಕಷ್ಟು ಸತ್ವ ದೊರೆಯುತ್ತದೆ.

ಉಪವಾಸದ ವಿಷಯದಲ್ಲಿ ಅತಿಶಯ ಬೇಡ. ಅರಿವಳಿಕೆಗೆ 6 ತಾಸು ಮುಂಚೆ ಲಘು ಆಹಾರ, 2 ತಾಸು ಮುಂಚೆಯವರೆಗೆ ತಿಳಿನೀರು ಎಂಬುದು ಸಾಮಾನ್ಯ ನಿಯಮ; ಕೆಲವು ಬೇನೆಗಳಲ್ಲಿ ಅದು ಬೇರೆಯಾಗುತ್ತದೆ. ವೈದ್ಯರು ಹೇಳಿದುದಕ್ಕಿಂತ ಹೆಚ್ಚು ಹೊತ್ತು ನೀರಿಲ್ಲದೆ ಇಟ್ಟರೆ ಹಿರಿಯರ ಮೂತ್ರಪಿಂಡಗಳಿಗೆ ಕಷ್ಟ.

ನಮ್ಮ ಮನೆಗಳಲ್ಲಿ ಏಳುವ ಇನ್ನೊಂದು ಪ್ರಶ್ನೆ ಇಷ್ಟಲಿಂಗದ್ದು. ಜೀವಮಾನವಿಡೀ ಅಂಗದಿಂದ ಅಗಲದ ಲಿಂಗವನ್ನು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ತೆಗೆಯಬೇಕೆಂದರೆ ಹಿರಿಯರ ಮನಸ್ಸು ಅಲ್ಲಾಡುತ್ತದೆ. ಕೊಯ್ದ ರಕ್ತನಾಳಗಳನ್ನು ಮುಚ್ಚಲು ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲಿನ ಲೋಹ ಸುಡುವ ಸಂಭವವಿದೆ. ಬೆಳ್ಳಿಯ ಕರಡಿಗೆ, ಸರಪಳಿಗಳನ್ನು ತೆಗೆಯಲೇಬೇಕು. ಇದನ್ನು ಹಿಂದಿನ ದಿನವೇ ವೈದ್ಯರೊಂದಿಗೆ ಮಾತಾಡಿರಿ. ಶುಚಿಯಾದ ವಸ್ತ್ರದಲ್ಲಿ ಸುತ್ತಿದ ಲಿಂಗವನ್ನು ಶಸ್ತ್ರಚಿಕಿತ್ಸೆಯ ಸ್ಥಳದಿಂದ ದೂರ, ತೋಳಿಗೆ ಕಟ್ಟಬಹುದೇ ಎಂದು ಕೇಳಿರಿ. ಸಾಧ್ಯವಿಲ್ಲವೆಂದರೆ ಮನೆಯ ಲಿಂಗಧಾರಿಗಳೊಬ್ಬರು ಅದನ್ನು ಜೋಪಾನವಾಗಿ ಇಟ್ಟುಕೊಂಡು, ಎಚ್ಚರವಾದೊಡನೆ ಕೈಗೆ ಕೊಡಲಿ. ಹೀಗೆ ಮೊದಲೇ ತಿಳಿಸಿದರೆ ಹಿರಿಯರು ಕಳವಳವಿಲ್ಲದೆ ಒಳಗೆ ಹೋಗುತ್ತಾರೆ.

ಅನಂತರದ ದಿನಗಳು

ಶಸ್ತ್ರಚಿಕಿತ್ಸೆಯಾದ ಎರಡನೆಯ ರಾತ್ರಿ ಮುತ್ತ್ಯಾ ಮಗನನ್ನೇ ಗುರುತಿಸದೆ, ಸತ್ತುಹೋದವರನ್ನು ಕರೆಯುತ್ತ, ನಳಿಕೆಗಳನ್ನು ಕೀಳತೊಡಗಿದರೆ ಮನೆಯವರು ಕಂಗಾಲಾಗುತ್ತಾರೆ. ಇದು ಗಾಳಿ ಸೋಂಕಿದ್ದಲ್ಲ, ಹುಚ್ಚೂ ಅಲ್ಲ. ವೃದ್ಧರಲ್ಲಿ ಸಾಮಾನ್ಯವಾಗಿ ಕಾಣುವ, ಬಹುಮಟ್ಟಿಗೆ ಇಳಿದುಹೋಗುವ ಬುದ್ಧಿಭ್ರಮೆ. ನೋವು, ಸೋಂಕು, ಮೂತ್ರ ಕಟ್ಟುವಿಕೆ, ಮಲಬದ್ಧತೆ, ನಿದ್ರಾಭಂಗ, ಕೆಲವು ಗುಳಿಗೆಗಳು ಇದಕ್ಕೆ ಕಾರಣ. ಕೂಡಲೇ ವೈದ್ಯರಿಗೆ ತಿಳಿಸಬೇಕು. ಮನೆಯವರ ಕೈಯಲ್ಲಿರುವ ಮದ್ದೂ ಇದೆ: ಕನ್ನಡಕ, ಕಿವಿಯಂತ್ರ, ಹಲ್ಲಿನ ಸೆಟ್ಟುಗಳನ್ನು ಬೇಗ ಕೊಡುವುದು, ಹಗಲು ಬೆಳಕು, ರಾತ್ರಿ ಶಾಂತತೆ, ಪರಿಚಿತ ಮುಖವೊಂದು ಪಕ್ಕದಲ್ಲಿರುವುದು, ಇಂದು ಯಾವ ವಾರ, ಎಲ್ಲಿದ್ದೇವೆ ಎಂದು ಮೆಲ್ಲಗೆ ಹೇಳುತ್ತಿರುವುದು. ಇಪ್ಪತ್ತು ಜನ ಒಮ್ಮೆಲೇ ಮಾತಾಡಿಸಲು ಹೋಗುವುದು ಮಾತ್ರ ಉಪಕಾರವಲ್ಲ.

ಎರಡನೆಯ ಮದ್ದು ನಡಿಗೆ. “ಪಾಪ, ಮಲಗಲಿ” ಎಂಬುದು ಪ್ರೀತಿಯ ಮಾತಾದರೂ ಶರೀರಕ್ಕೆ ವಿಷ. ವೈದ್ಯರು ಒಪ್ಪಿದರೆ ಮರುದಿನವೇ ಎಬ್ಬಿಸಿ ಕೂಡಿಸಬೇಕು, ನಿಲ್ಲಿಸಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ಊಟವನ್ನು ಕೂತೇ ಮಾಡಿಸಬೇಕು. ಮಲಗಿಸಿ ಕುಡಿಸಿದ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಸಂಬಂಧಿಕರು ಆಸ್ಪತ್ರೆಯ ಬಿಲ್ಲು ಹಂಚಿಕೊಂಡಂತೆ ಈ ಸೇವೆಯ ಪಾಳಿಯನ್ನೂ ಹಂಚಿಕೊಳ್ಳಬೇಕು. ಇಲ್ಲವಾದರೆ ಒಬ್ಬ ಸೊಸೆಯ ಮೇಲೆಯೇ ಭಾರವೆಲ್ಲ ಬೀಳುತ್ತದೆ. ದಾಸೋಹದ ಅರ್ಥ ಮನೆಯೊಳಗೂ ಇದೆ.

ಹಿರಿಯರ ಮಾತಿಗೆ ಮನ್ನಣೆ

ಅಮೆರಿಕದ ಪ್ರಸಿದ್ಧ ಹೃದಯ ಶಸ್ತ್ರವೈದ್ಯ ಮೈಕೆಲ್ ಡಿಬೇಕಿ ಅವರ ಮಹಾಪಧಮನಿ 2005ರ ಡಿಸೆಂಬರ್ ಕೊನೆಯಲ್ಲಿ ಸೀಳಿಕೊಂಡಾಗ ಅವರಿಗೆ 97 ವರ್ಷ. ಆ ಕಾಯಿಲೆಗೆ ಶಸ್ತ್ರಚಿಕಿತ್ಸೆಯನ್ನು ರೂಪಿಸಿದವರು ಸ್ವತಃ ಅವರೇ. ಆದರೂ ಮೊದಲು ಬೇಡವೆಂದರು. ಪ್ರಜ್ಞೆ ತಪ್ಪಿದ ಮೇಲೆ ಆಸ್ಪತ್ರೆಯ ನೀತಿ ಸಮಿತಿ ಸೇರಿ ಚರ್ಚಿಸಿ, ಅನಂತರ ಶಸ್ತ್ರಚಿಕಿತ್ಸೆ ನಡೆಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡ ಅವರು, ಮಾಡಿದ್ದು ಒಳ್ಳೆಯದಾಯಿತೆಂದರು; 2008ರ ಜುಲೈವರೆಗೆ ಬದುಕಿದರು. ಇದರಿಂದ, ಹಿರಿಯರು ಬೇಡವೆಂದರೂ ಮಾಡಿಸಿಬಿಡಬೇಕು ಎಂಬ ಪಾಠ ಕಲಿಯುವುದು ಸರಿಯಲ್ಲ. ಪ್ರಜ್ಞೆ ಇರುವಾಗಲೇ ಮನೆಯವರು ಕೂತು, ವಿಷಯವನ್ನು ಬಿಡಿಸಿ ಹೇಳಿ, ಅವರ ಮಾತನ್ನು ಕೇಳಿಟ್ಟುಕೊಳ್ಳಬೇಕೆಂಬುದೇ ಇದರ ಪಾಠ.

ಶಸ್ತ್ರಚಿಕಿತ್ಸೆ ಬೇಡವೆನ್ನುವುದೂ ಕೆಲವೊಮ್ಮೆ ವಿವೇಕವೇ. ಅತ್ಯಂತ ಕೃಶರಾಗಿ, ಪರರನ್ನೇ ಅವಲಂಬಿಸಿದ್ದ ಸೊಂಟ ಮುರಿದ ವೃದ್ಧರ ಬಗ್ಗೆ ನೆದರ್ಲೆಂಡ್ಸಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಟುಂಬದೊಂದಿಗೆ ಚರ್ಚಿಸಿ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟವರಲ್ಲಿ ಹೆಚ್ಚಿನವರು ಒಂದು ತಿಂಗಳೊಳಗೆ ತೀರಿಕೊಂಡರು. ಆದರೆ ಉಳಿದ ದಿನಗಳ ನೆಮ್ಮದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗಿಂತ ಕಡಿಮೆಯಾಗಿರಲಿಲ್ಲ. ಶಸ್ತ್ರಚಿಕಿತ್ಸೆ ಬೇಡವೆಂದರೆ ಚಿಕಿತ್ಸೆಯೇ ಬೇಡವೆಂದಲ್ಲ; ನೋವು ನಿವಾರಣೆ, ಶುಚಿತ್ವ, ಸಾಮೀಪ್ಯ ಇವು ಕೊನೆಯವರೆಗೂ ಸಲ್ಲಬೇಕಾದ ಚಿಕಿತ್ಸೆಗಳೇ. ತಮ್ಮ ಅಂತ್ಯಕಾಲದ ಚಿಕಿತ್ಸೆಯ ಕುರಿತು ಮುಂಚಿತವಾಗಿ ಇಚ್ಛಾಪತ್ರ ಬರೆದಿಡುವುದನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಮಾಡಿಸದಿದ್ದರೆ ಏನಾಗುತ್ತದೆ? ಎಷ್ಟು ದಿನ ಕಾಯಬಹುದು?
2. ಇದಕ್ಕಿಂತ ಚಿಕ್ಕ ಉಪಾಯವಿದೆಯೇ?
3. ಇವರ ಶಕ್ತಿಯನ್ನು ನೋಡಿದರೆ ಅಪಾಯ ಎಷ್ಟು? ವಯಸ್ಸನ್ನಷ್ಟೇ ಅಲ್ಲ, ಶರೀರವನ್ನು ನೋಡಿ ಹೇಳಿರಿ.
4. ಯಶಸ್ವಿಯಾದರೆ ಮೊದಲಿನಂತೆ ನಡೆದು, ಉಂಡು, ಪೂಜೆ ಮಾಡಿಕೊಳ್ಳುವರೇ?
5. ತೀವ್ರ ನಿಗಾ ಘಟಕ, ರಕ್ತ, ಅರಿವಳಿಕೆ ತಜ್ಞರು ಇಲ್ಲಿ ಸದಾ ಲಭ್ಯವೇ?
6. ಮನೆಗೆ ಬಂದ ಮೇಲೆ ಎಷ್ಟು ವಾರ ಯಾರ ಸಹಾಯ ಬೇಕಾಗುತ್ತದೆ?

ಐದನೆಯ ಪ್ರಶ್ನೆ ನಮ್ಮ ಸೀಮೆಗೆ ಬಹು ಮುಖ್ಯ. ಬಸವಕಲ್ಯಾಣ, ಹುಮನಾಬಾದ್‌ಗಳ ತಾಲೂಕು ಆಸ್ಪತ್ರೆಗಳಲ್ಲಿ ಮೊದಲ ತಪಾಸಣೆ ಮಾಡಿಸಿ, ಹೆಚ್ಚಿನ ವ್ಯವಸ್ಥೆ ಬೇಕಾದಾಗ ಬೀದರ್ ಅಥವಾ ಕಲಬುರಗಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಹೋಗುವುದು ವಾಡಿಕೆ. ಹಲವರು ರಾಷ್ಟ್ರೀಯ ಹೆದ್ದಾರಿ 65ರ ಗುಂಟ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ. 2017ರಲ್ಲಿ ಪೂರ್ಣಗೊಂಡ ಬೀದರ್–ಕಲಬುರಗಿ ರೈಲುಮಾರ್ಗ ಹುಮನಾಬಾದಿನ ಮೂಲಕವೇ ಹಾದುಹೋಗುತ್ತದೆ. ಎಲ್ಲಿಗೆ ಹೋದರೂ ಹಳೆಯ ಕಾಗದಪತ್ರಗಳನ್ನೆಲ್ಲ ಒಯ್ಯಿರಿ. ಹೊಸ ಊರಿನ ವೈದ್ಯರಿಗೆ ಹಿರಿಯರ ಪೂರ್ವವೃತ್ತಾಂತ ಅವುಗಳಿಂದಲೇ ತಿಳಿಯಬೇಕು. ದೂರದ ದೊಡ್ಡ ಆಸ್ಪತ್ರೆಯನ್ನು ಆರಿಸುವ ಮುನ್ನ, ಅಲ್ಲಿ ಹಿರಿಯರ ಪಕ್ಕದಲ್ಲಿ ಹಗಲಿರುಳು ಕೂಡುವವರು ಯಾರು ಎಂಬುದನ್ನೂ ಯೋಚಿಸಿರಿ.

ಖರ್ಚಿನ ವಿಷಯದಲ್ಲಿ ಒಂದು ಸೂಚನೆ. 70 ವರ್ಷ ದಾಟಿದ ಎಲ್ಲರನ್ನೂ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ ಯೋಜನೆಗೆ ಸೇರಿಸಿ, ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ನೀಡುವುದಾಗಿ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಚಾಲನೆ ಕೊಟ್ಟಿತು. ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆಗೆ, ಯಾವ ಕಾರ್ಡಿನ ಮೇಲೆ ನೆರವು ದೊರೆಯುತ್ತದೆಂಬುದನ್ನು ದಾಖಲಾಗುವ ಮೊದಲೇ ಅಲ್ಲಿನ ಆರೋಗ್ಯಮಿತ್ರರಲ್ಲಿ ವಿಚಾರಿಸುವುದು ಒಳಿತು.

ಬಂಧುಗಳೇ, ವಯಸ್ಸು ಶಸ್ತ್ರಚಿಕಿತ್ಸೆಗೆ ಅಡ್ಡಗೋಡೆಯಲ್ಲ. ಹಾಗೆಂದು ಅದನ್ನು ಲೆಕ್ಕಿಸದಿರಲೂ ಆಗದು. ಅಂಜಿ ಮುಂದೂಡುವುದು, ಅವಸರದಿಂದ ಒಪ್ಪುವುದು, ಹಿರಿಯರನ್ನು ಕೇಳದೆಯೇ ನಿರ್ಧರಿಸುವುದು ಈ ಮೂರೂ ತಪ್ಪುಗಳಿಂದ ನಾವು ದೂರವಿರಬೇಕು. ಈ ತಿಂಗಳು ಬಿಡುವಾದೊಂದು ಸಂಜೆ ನಿಮ್ಮ ಮನೆಯ ಮುತ್ತ್ಯಾ, ಆಯಿಯರ ಪಕ್ಕದಲ್ಲಿ ಕೂತು, “ನಿಮಗ ಏನ್ ತ್ರಾಸ ಅದ? ನಿಮ್ಮ ಮನಸ್ಸಿನಾಗ ಏನದ?” ಎಂದು ಕೇಳಿರಿ. ಎಷ್ಟೋ ವರ್ಷಗಳಿಂದ ಬಚ್ಚಿಟ್ಟ ಬೇನೆಯೊಂದು ಅಂದು ಹೊರಬಂದೀತು; ಸಕಾಲದಲ್ಲಿ ಅದಕ್ಕೆ ಪರಿಹಾರವೂ ದೊರೆತೀತು.